ಕೈತೋಟದ ತರಕಾರಿ: ಬೆಳೆ ಗೊತ್ತು, ತಳಿ ಯಾವುದು?

ಕೋಲಾರದ ಮಾರುಕಟ್ಟೆಯಲ್ಲಿ ಲಾರಿ ಹತ್ತಿದ ಟೊಮೆಟೊ ಉತ್ತರ ಭಾರತದವರೆಗೂ ಹೋಗುತ್ತದೆ. ಕ್ರೇಟಿನಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಎರಡು ಮೂರು ದಿನ ಪ್ರಯಾಣ ಮಾಡಿದರೂ ಅದು ಒಡೆಯಬಾರದು, ಇಳಿದ ಮೇಲೆ ಅಂಗಡಿಯಲ್ಲಿ ಇನ್ನಷ್ಟು ದಿನ ಕೂರಬೇಕು. ಅದಕ್ಕೆಂದೇ ರೂಪಿಸಿದ ತಳಿಗೆ ಸಿಪ್ಪೆ ದಪ್ಪ, ತಿರುಳು ಗಟ್ಟಿ, ರಸ ಕಡಿಮೆ. ರೈತನಿಗೆ ಅದು ವರ. ಅದೇ ಬೀಜ ತಂದು ಹಿತ್ತಲಲ್ಲಿ ಬಿತ್ತಿ, ಹಣ್ಣು ಕಿವುಚಿ ಸಾರು ಮಾಡಹೊರಟವರು ‘ಮನೆಯಲ್ಲಿ ಬೆಳೆದದ್ದಕ್ಕೂ ಅಂಗಡಿಯದಕ್ಕೂ ಏನು ವ್ಯತ್ಯಾಸ?’ ಎಂದು ಕೇಳುತ್ತಾರೆ. ದೊಡ್ಡ ವ್ಯತ್ಯಾಸ ಇರಲು ಸಾಧ್ಯವಿಲ್ಲ. ತಳಿ ಒಂದೇ.

ಕೈತೋಟ ಮಾಡುವವರು ಯಾವ ತರಕಾರಿ ಬೆಳೆಯಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ, ಮಣ್ಣು ಗೊಬ್ಬರಕ್ಕೆ ಖರ್ಚು ಮಾಡುತ್ತಾರೆ, ತಳಿಯ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯವರು ಕೊಟ್ಟದ್ದೇ ಬೀಜ. ಹೊಲದ ಬೆಳೆಗಾರನಿಗೂ ಮನೆಯವರಿಗೂ ಬೇಕಾದ ಗುಣಗಳು ಬಹುಪಾಲು ತಿರುವುಮುರುವು. ಆತನಿಗೆ ಕಾಯಿಗಳೆಲ್ಲ ಒಂದೇ ಗಾತ್ರದಲ್ಲಿ, ಒಂದೇ ವಾರದಲ್ಲಿ ಕೊಯ್ಲಿಗೆ ಬರಬೇಕು. ನಿಮಗೆ ದಿನಕ್ಕೆ ನಾಲ್ಕರಂತೆ ನಾಲ್ಕು ತಿಂಗಳು ಬಂದರೆ ಸಾಕು. ಒಂದೇ ಸಲ ಎಂಟು ಕಿಲೊ ಹುರುಳಿಕಾಯಿ ಬಂದರೆ ಪಕ್ಕದ ಮನೆಗೆ ಹಂಚಿ, ನಂತರ ಎರಡು ತಿಂಗಳು ಮತ್ತೆ ಮಾರುಕಟ್ಟೆಗೆ ಹೋಗುತ್ತೀರಿ. ಆದ್ದರಿಂದ ಪೊಟ್ಟಣದ ಮೇಲೆ ‘ಅಧಿಕ ಇಳುವರಿ’ ಎಂದು ದೊಡ್ಡದಾಗಿ ಬರೆದಿದ್ದರೆ ಅದನ್ನು ನೋಡಿ ಮರುಳಾಗಬೇಕಿಲ್ಲ. ಎಷ್ಟು ದಿನ ಕಾಯಿ ಬಿಡುತ್ತದೆ, ಗಿಡ ಎಷ್ಟು ಎತ್ತರ ಹೋಗುತ್ತದೆ, ಯಾವ ರೋಗ ತಡೆಯುತ್ತದೆ, ಯಾವ ತಿಂಗಳಿಗೆ ಹೊಂದುತ್ತದೆ ಎಂಬ ನಾಲ್ಕು ಸಂಗತಿಗಳು ಅದಕ್ಕಿಂತ ಮುಖ್ಯ.

ನಾಟಿ, ಸುಧಾರಿತ, ಹೈಬ್ರಿಡ್

ಬೀಜ ಮೂರು ಬಗೆ. ಊರಿನಲ್ಲಿ ತಲೆಮಾರುಗಳಿಂದ ಎತ್ತಿಟ್ಟುಕೊಂಡು ಬಂದದ್ದು ನಾಟಿ, ಉತ್ತರ ಕರ್ನಾಟಕದವರ ಮಾತಿನಲ್ಲಿ ಜವಾರಿ. ಸಂಶೋಧನಾ ಸಂಸ್ಥೆಗಳು ಆಯ್ದು, ಸ್ಥಿರಗೊಳಿಸಿ ಬಿಡುಗಡೆ ಮಾಡಿದ್ದು ಸುಧಾರಿತ ತಳಿ. ಎರಡು ಬೇರೆ ಬೇರೆ ಪಾಲಕ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ ಹೈಬ್ರಿಡ್. ಪೊಟ್ಟಣದ ಮೇಲೆ ‘ಎಫ್-1’ ಎಂದಿರುತ್ತದೆ. ಮೊದಲ ಎರಡರ ಬೀಜವನ್ನು ನೀವೇ ಎತ್ತಿಟ್ಟು ಮತ್ತೆ ಬಿತ್ತಬಹುದು. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಗಿಡ ಹುಟ್ಟುತ್ತದೆ, ಆದರೆ ಒಂದು ಗಿಡ ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ, ಮತ್ತೊಂದು ಯಾರಂತೆಯೂ ಅಲ್ಲ.

ಹೈಬ್ರಿಡ್ ಎಂದರೆ ವಿಷ, ನಾಟಿ ಎಂದರೆ ಅಮೃತ ಎನ್ನುವ ವಾದ ಇತ್ತೀಚೆಗೆ ಜೋರಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹೈಬ್ರಿಡ್ ಮಾಡುವುದೆಂದರೆ ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸುವುದು, ಕುಲಾಂತರಿ ತಂತ್ರಜ್ಞಾನಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ತೋಟದಲ್ಲಿ ಟೊಮೆಟೊ ಗಿಡಗಳು ಪ್ರತಿ ವರ್ಷ ಎಲೆ ಮುಟುರು ನಂಜು (ವೈರಸ್) ತಗಲಿ ಸಾಯುತ್ತಿದ್ದರೆ, ಆ ನಂಜನ್ನು ತಡೆಯುವ ಹೈಬ್ರಿಡ್ ಹಾಕಿ ಔಷಧಿಯಿಲ್ಲದೆ ಹಣ್ಣು ತಿನ್ನುವುದು, ನಾಟಿ ಗಿಡಕ್ಕೆ ವಾರಕ್ಕೊಮ್ಮೆ ಸಿಂಪಡಿಸುವುದಕ್ಕಿಂತ ಮೇಲು. ಅಂಥ ತೊಂದರೆ ಇಲ್ಲದ ಕಡೆ ನಾಟಿಯೇ ಸುಖ. ರುಚಿಯೂ ಸಿಗುತ್ತದೆ, ಬೀಜವೂ ಉಳಿಯುತ್ತದೆ.

ಇನ್ನು ತಳಿಯ ಹೆಸರಿನ ಮೊದಲ ಪದ ನೋಡಿದರೇ ಅರ್ಧ ಜಾತಕ ತಿಳಿಯುತ್ತದೆ. ‘ಅರ್ಕಾ’ ಎಂದಿದ್ದರೆ ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ‘ಪೂಸಾ’ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು, ‘ಕಾಶಿ’ ವಾರಾಣಸಿಯ ತರಕಾರಿ ಸಂಶೋಧನಾ ಸಂಸ್ಥೆಯದು. ‘ಕೊ’ ಎಂದರೆ ಕೊಯಮತ್ತೂರು, ‘ಪಿಕೆಎಂ’ ಎಂದರೆ ತಮಿಳುನಾಡಿನ ಪೆರಿಯಕುಳಂ. ತಳಿ ಎಲ್ಲಿ ಹುಟ್ಟಿತೋ ಅಲ್ಲಿನ ಹವೆಗೆ ಮೊದಲು ಒಗ್ಗಿರುತ್ತದೆ. ಪೂಸಾ ತಳಿಗಳೆಲ್ಲ ನಮಗೆ ಆಗಿಬರುವುದಿಲ್ಲ ಎಂದಲ್ಲ, ಒಂಟಿ ಕಾಂಡದ ಪೂಸಾ ನವಬಹಾರ್ ಗೋರಿಕಾಯಿ ನಮ್ಮಲ್ಲಿ ಚೆನ್ನಾಗಿಯೇ ಬರುತ್ತದೆ. ಎಚ್ಚರ ಬೇಕಾದದ್ದು ಬಿತ್ತನೆ ತಿಂಗಳಿನ ವಿಷಯದಲ್ಲಿ. ಅನೇಕ ಪೊಟ್ಟಣಗಳ ಮೇಲೆ ಅಚ್ಚಾಗಿರುವುದು ಉತ್ತರದ ಬಯಲುಸೀಮೆಯ ಪಂಚಾಂಗ. ದಿಲ್ಲಿಯ ಚಳಿಗಾಲ ಬೆಂಗಳೂರಿಗೆ ಬರುವುದಿಲ್ಲ, ಬೆಂಗಳೂರಿನ ಬೇಸಿಗೆ ರಾಯಚೂರಿಗೆ ಬರುವುದಿಲ್ಲ.

ಕಾಲ ನೋಡಿ ಹೂ ಬಿಡುವವು

ತಳಿ ತಪ್ಪಿದರೆ ಎಷ್ಟು ಗೊಬ್ಬರ ಹಾಕಿದರೂ ಫಲವಿಲ್ಲ ಎಂಬುದಕ್ಕೆ ಅವರೆಗಿಂತ ಒಳ್ಳೆಯ ಸಾಕ್ಷಿ ಬೇಡ. ಹಳೆ ಮೈಸೂರು ಸೀಮೆಯ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ಮಳೆಗಾಲದಲ್ಲಿ, ಜುಲೈ ಆಗಸ್ಟ್ ಹೊತ್ತಿಗೆ ಬಿತ್ತಿದರೆ ಚಳಿ ಬಿದ್ದಾಗ ಹೂ ಬಂದು, ಸಂಕ್ರಾಂತಿಯ ಆಸುಪಾಸಿನಲ್ಲಿ ಸೊಗಡಿನ ಕಾಯಿ ಕೈಗೆ ಸಿಗುತ್ತದೆ. ಅದೇ ಬೀಜವನ್ನು ಫೆಬ್ರುವರಿಯಲ್ಲಿ ಹಾಕಿ ನೋಡಿ. ಬಳ್ಳಿ ಕಾಂಪೌಂಡು ದಾಟಿ ಮಾವಿನ ಮರಕ್ಕೆ ಹಬ್ಬುತ್ತದೆ, ಒಂದು ಹೂ ಇರುವುದಿಲ್ಲ. ‘ಗೊಬ್ಬರ ಜಾಸ್ತಿಯಾಯಿತು’, ‘ಮಣ್ಣಿನಲ್ಲೇನೋ ಕೊರತೆ’ ಎಂದು ಜನ ಏನೇನೋ ಚಿಕಿತ್ಸೆ ಮಾಡುತ್ತಾರೆ. ಗಿಡಕ್ಕೆ ರೋಗವೇನೂ ಇಲ್ಲ, ಅದು ಹಗಲು ಕುಗ್ಗುವುದನ್ನು ಕಾಯುತ್ತಿದೆ ಅಷ್ಟೆ.

ವರ್ಷದ ಯಾವ ತಿಂಗಳಲ್ಲಾದರೂ ಅವರೆ ಬೇಕೆನ್ನುವವರಿಗೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ ತಳಿಗಳನ್ನು ಹೊರತಂದಿತು. ಎಚ್‌ಎ-3, ಎಚ್‌ಎ-4 ಎಂಬ ಹೆಸರಿನ ಇವು ಹಗಲಿನ ಉದ್ದಕ್ಕೆ ಲಕ್ಷ್ಯ ಕೊಡುವುದಿಲ್ಲ, ಗಿಡ್ಡ ಪೊದೆಯಾಗಿ ಬೆಳೆದು ಮೂರು ತಿಂಗಳೊಳಗೆ ಹಸಿಕಾಯಿ ಕೊಡುತ್ತವೆ. ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಇದೇ ಗುಣದವು. ಕುಂಡದಲ್ಲಿ, ತಾರಸಿಯಲ್ಲಿ ಬೆಳೆಯುವವರಿಗೆ ಈ ಪೊದೆ ಅವರೆಗಳೇ ಸರಿ. ಆದರೆ ಚಳಿಗಾಲದ ನಾಟಿ ಅವರೆಯ ಆ ಅಂಟು ಸೊಗಡು ಇವುಗಳಲ್ಲಿ ಸಿಗುವುದು ಕಡಿಮೆ ಎಂದು ಹಿತಕವರೆ ಬೇಳೆ ಮಾಡುವ ಮನೆಗಳವರು ಹೇಳುತ್ತಾರೆ, ನನ್ನ ನಾಲಿಗೆಗೂ ಹಾಗೆಯೇ ಅನ್ನಿಸಿದೆ. ಬೇಲಿಯಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಬೇಲಿಗೆ ನಾಟಿ, ಮಡಿಗೆ ಹೆಬ್ಬಾಳ.

ಹೂಕೋಸಿನದು ಇನ್ನೊಂದು ಬಗೆಯ ಹಟ. ಅದು ನೋಡುವುದು ಹಗಲನ್ನಲ್ಲ, ತಂಪನ್ನು. ಬೇಗ ಬರುವ ತಳಿಗಳು 20ರಿಂದ 27 ಡಿಗ್ರಿ ಉಷ್ಣತೆಯಲ್ಲೂ ಹೂ ಕಟ್ಟುತ್ತವೆ, ‘ಸ್ನೋಬಾಲ್’ ಗುಂಪಿನ ತಡವಾದ ತಳಿಗಳಿಗೆ 10ರಿಂದ 16 ಡಿಗ್ರಿ ಬೇಕು. ಬೇಗದ್ದನ್ನು ತಡವಾಗಿ ಹಾಕಿದರೆ ಗಿಡ ದೊಡ್ಡದಾಗುವ ಮೊದಲೇ ಗುಂಡಿಯಷ್ಟು ಹೂ ಕಟ್ಟಿ ಮುಗಿಸುತ್ತದೆ. ತಡವಾದದ್ದನ್ನು ಸೆಖೆಯಲ್ಲಿ ಹಾಕಿದರೆ ಬರೀ ಎಲೆ. ನಮ್ಮ ಬಯಲುಸೀಮೆಯ ಕೈತೋಟಕ್ಕೆ ಅರ್ಕಾ ಕಾಂತಿಯಂಥ ಬೇಗ ಬರುವ ತಳಿ ಮಾತ್ರ, ಅದೂ ಮಳೆಗಾಲ ಹಿಂದಾದ ಮೇಲೆ. ಕರಾವಳಿಯವರು ಹೂಕೋಸಿನ ಆಸೆ ಬಿಡುವುದೇ ವಾಸಿ.

ಮೂಲಂಗಿಯಲ್ಲಿ ಪೂಸಾ ಚೇತಕಿ ಸೆಖೆ ತಡೆಯುತ್ತದೆ, ನಲವತ್ತು ನಲವತ್ತೈದು ದಿನಕ್ಕೆ ಕೀಳಬಹುದು. ಪೂಸಾ ಹಿಮಾನಿ ಚಳಿಯದು, ಬೇಸಿಗೆಯಲ್ಲಿ ಅದನ್ನು ಹಾಕಬೇಡಿ. ಕ್ಯಾರೆಟ್ಟಿಗೆ ಸೆಪ್ಟೆಂಬರ್ ನವೆಂಬರ್ ನಡುವಿನ ಬಿತ್ತನೆ, ಸಡಿಲ ಮಣ್ಣು, ಒಂದಡಿ ಆಳ. ಕಲ್ಲುಮಣ್ಣಿನಲ್ಲಿ ಎಂಥ ತಳಿ ಹಾಕಿದರೂ ಕವಲೊಡೆದ ಬೇರೇ ಸಿಗುವುದು. ಕೊತ್ತಂಬರಿ ಬೇಸಿಗೆಯಲ್ಲಿ ಸೊಪ್ಪು ಬಿಡುವ ಮೊದಲೇ ಹೂವಿಗೆ ಓಡುತ್ತದೆ, ಆಗ ನೆರಳಿರುವ ಕಡೆ ಕೊಂಚ ಕೊಂಚವೇ ಬಿತ್ತಬೇಕು.

ಕಲಬುರಗಿ, ರಾಯಚೂರು ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಟೊಮೆಟೊ ಹೂ ಉದುರಿಸುವುದು ಆಗಲೇ, ಅದಕ್ಕೆ ಯಾವ ಟಾನಿಕ್ಕೂ ಇಲ್ಲ. ಆ ಎರಡು ತಿಂಗಳು ಚವಳಿಕಾಯಿ (ಗೋರಿಕಾಯಿ), ಬೆಂಡೆ, ಪುಂಡಿಪಲ್ಲೆ, ಹೀರೆ ಇಟ್ಟುಕೊಂಡರೆ ನೀರು ಹೊತ್ತದ್ದಾದರೂ ಸಾರ್ಥಕ.

ನಿಮ್ಮ ಮಣ್ಣಿನ ರೋಗ ಯಾವುದು?

ದಕ್ಷಿಣ ಕನ್ನಡ, ಉಡುಪಿ, ಮಲೆನಾಡಿನ ಕಡೆಯವರ ಒಂದೇ ದೂರು: ಬದನೆ, ಟೊಮೆಟೊ, ಮೆಣಸು ಗಿಡ ಹಸಿರಾಗಿರುವಾಗಲೇ ಒಂದು ಮಧ್ಯಾಹ್ನ ಬಾಡಿ, ಎರಡು ದಿನದಲ್ಲಿ ಸತ್ತುಹೋಗುತ್ತದೆ. ಇದು ದುಂಡಾಣು ಸೊರಗು ರೋಗ. ಹುಳಿ ಮಣ್ಣು, ಹೆಚ್ಚು ತೇವ, ಸೆಖೆ ಮೂರೂ ಕೂಡಿದಲ್ಲಿ ಅದರ ಕಾರುಬಾರು. ಪರೀಕ್ಷೆ ಸುಲಭ. ಬಾಡಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಕೊಂಚ ಹೊತ್ತಿಗೆ ಹಾಲಿನಂಥ ಎಳೆ ಕೆಳಗಿಳಿದರೆ ಅನುಮಾನ ಬೇಡ.

ಒಮ್ಮೆ ಮಣ್ಣು ಸೇರಿದ ಈ ದುಂಡಾಣುವನ್ನು ಔಷಧಿ ಹಾಕಿ ಓಡಿಸುವುದು ಹೆಚ್ಚು ಕಡಿಮೆ ಆಗದ ಕೆಲಸ. ದಾರಿಯಿರುವುದು ತಳಿಯಲ್ಲೇ. ಬದನೆಯಲ್ಲಿ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ್ ಸೊರಗು ತಡೆಯುತ್ತವೆ. ಟೊಮೆಟೊದಲ್ಲಿ ಅರ್ಕಾ ಆಭಾ, ಅರ್ಕಾ ಆಲೋಕ್ ಇವೆ, ಬೀಜ ಎತ್ತಿಡಬಹುದಾದವು. ಹೈಬ್ರಿಡ್ ಆದರೂ ಸರಿ ಎನ್ನುವವರಿಗೆ ಅರ್ಕಾ ರಕ್ಷಕ್: ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆಗಳ ಮೇಲೆ ಉಂಗುರ ಮೂಡಿಸುವ ಮುಂಚಿನ ಅಂಗಮಾರಿ ಮೂರನ್ನೂ ತಾಳಿಕೊಳ್ಳುತ್ತದೆ. ಅರ್ಕಾ ಅಭೇದ್ ಇವುಗಳ ಜೊತೆಗೆ ತಂಪು ಮೋಡದ ದಿನಗಳಲ್ಲಿ ಬರುವ ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಕಾಸರಗೋಡು ಗಡಿಯ ಕಡೆಯವರಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ತಳಿಗಳೂ ಹತ್ತಿರ: ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ, ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ, ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಇವೆಲ್ಲ ಅಂಥದೇ ಮಣ್ಣು ಮಳೆಯಲ್ಲಿ ಸೊರಗು ರೋಗಕ್ಕೆಂದೇ ಆಯ್ದವು. ನಿಮ್ಮೂರಿನ ನಾಟಿ ಬದನೆಯೇ ಬೇಕು, ಆದರೆ ಅದು ಸೊರಗುತ್ತದೆ ಎಂದಾದರೆ ಕುದನೆ ಎಂಬ ಕಾಡುಬದನೆ ಗಿಡದ ಬುಡಕ್ಕೆ ಅದನ್ನು ಕಸಿ ಕಟ್ಟಬಹುದು. ಕಾಡುಬದನೆಯ ಬೇರಿಗೆ ಸೊರಗು ರೋಗ ಅಷ್ಟಾಗಿ ತಗಲುವುದಿಲ್ಲ. ಕೆಲವು ನರ್ಸರಿಗಳಲ್ಲಿ ಕಸಿ ಸಸಿಯೇ ಸಿಗುತ್ತದೆ.

ಬೆಂಡೆಯ ಶತ್ರು ಹಳದಿ ನಂಜು. ಎಲೆಯ ನರಗಳು ಹಳದಿಯಾಗಿ, ಕಾಯಿ ಬಿಳಿಚಿಕೊಂಡು, ಗಿಡ ಅಲ್ಲಿಗೇ ನಿಲ್ಲುತ್ತದೆ. ಹರಡುವುದು ಬಿಳಿನೊಣ. ಒಂದು ಕಾಲಕ್ಕೆ ಪೂಸಾ ಸಾವನಿ ಇದನ್ನು ತಡೆಯುತ್ತದೆಂದು ದೇಶವೆಲ್ಲ ಬೆಳೆಯಿತು, ಕಾಲಕ್ರಮೇಣ ಆ ಶಕ್ತಿ ಹೋಯಿತು. ಅನಂತರ ಕಾಡುಬೆಂಡೆಯ ರಕ್ತ ಸೇರಿಸಿ ಅರ್ಕಾ ಅನಾಮಿಕ, ಅರ್ಕಾ ಅಭಯ್ ಬಂದವು. ಅನಾಮಿಕದ ತಡೆಶಕ್ತಿಯೂ ಈಗ ಕೆಲವು ಕಡೆ ಮೊದಲಿನಂತಿಲ್ಲ. ತಡೆಶಕ್ತಿ ಎಂಬುದು ಶಾಶ್ವತ ಆಸ್ತಿಯಲ್ಲ, ನಂಜೂ ರೂಪ ಬದಲಿಸುತ್ತಿರುತ್ತದೆ. ಬಿಳಿನೊಣ ಹೆಚ್ಚುವ ಬೇಸಿಗೆಯಲ್ಲಿ ನಿಮ್ಮ ಬೆಂಡೆ ಹಳದಿಯಾದರೆ ಮುಂದಿನ ಸಲ ತಳಿ ಬದಲಿಸಿ, ಅದೇ ಪೊಟ್ಟಣದ ಉಳಿದ ಬೀಜವನ್ನು ಮಳೆಗಾಲಕ್ಕೆ ಇಡಿ.

ಕರಾವಳಿಯ ಹಾಲುಬೆಂಡೆಯ ಮಾತು ಬೇರೆ. ಬಿಳಿಹಸಿರು ಬಣ್ಣದ, ದಪ್ಪ, ಏಣುಗಳ ಈ ಬೆಂಡೆಯ ದೊಡ್ಡ ಗುಣವೆಂದರೆ ಕೊಯ್ಯುವುದು ಒಂದೆರಡು ದಿನ ತಡವಾದರೂ ನಾರಾಗದು. ಕೆಲಸಕ್ಕೆ ಹೋಗುವವರು, ವಾರಾಂತ್ಯದಲ್ಲಿ ಮಾತ್ರ ತೋಟ ನೋಡುವವರು ತೆಳ್ಳನೆಯ ಮಾರುಕಟ್ಟೆ ಬೆಂಡೆಗಿಂತ ಇದನ್ನು ಹಾಕುವುದೇ ಒಳ್ಳೆಯದು. ಹುಳಿಗೆ, ಮಜ್ಜಿಗೆಹುಳಿಗೆ ಇದಕ್ಕೆ ಸಾಟಿಯಿಲ್ಲ, ಹುರಿದ ಪಲ್ಯಕ್ಕೆ ಮಾತ್ರ ತೆಳ್ಳನೆಯದೇ ಬೇಕು. ಒಂದು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಕಾಯಿ ಒಟ್ಟಿಗೆ ಸಿಗಬೇಕಾದರೆ ಯಾವ ಬೆಂಡೆಯಾದರೂ ಹತ್ತು ಹನ್ನೆರಡು ಗಿಡ ಬೇಕಾಗುತ್ತದೆ. ಎರಡು ಕುಂಡದಲ್ಲಿ ಎರಡು ಬೆಂಡೆ ಗಿಡ ಇಡುವುದು ಬರೀ ಅಲಂಕಾರ.

ಬದನೆ: ಮೊದಲು ಅಡುಗೆ ಹೇಳಿ

ಬದನೆಯನ್ನು ತಳಿಯಿಂದಲ್ಲ, ಅಡುಗೆಯಿಂದ ಹಿಂದಕ್ಕೆ ಆರಿಸಬೇಕು. ನಿಮ್ಮ ಮನೆಯಲ್ಲಿ ಹೆಚ್ಚು ಆಗುವುದು ವಾಂಗಿಬಾತೋ, ಎಣ್ಣೆಗಾಯಿಯೋ, ಸುಟ್ಟ ಬದನೆಯ ಗೊಜ್ಜೋ? ಮೈಸೂರು ಕಡೆಯ ವಾಂಗಿಬಾತಿಗೆ ಉದ್ದನೆಯ ಹಸಿರು ಬದನೆ ಬೇಕು, ಅರ್ಕಾ ಶಿರೀಷ್ ಆ ಬಗೆಯದು. ಧಾರವಾಡ, ಬೆಳಗಾವಿ ಕಡೆಯ ಎಣ್ಣೆಗಾಯಿಗೆ ಒಂದು ತುತ್ತಿನಷ್ಟಿರುವ ಗುಂಡು ಮುಳಗಾಯಿ ಬೇಕು, ಸೀಳಿ ಮಸಾಲೆ ತುಂಬಿದರೂ ತೊಟ್ಟು ಬಿಡದಂಥದ್ದು. ಆ ಸೀಮೆಯಲ್ಲಿ ಮಲಾಪುರ, ಕುಡಚಿ, ರಬಕವಿ ಎಂದು ಊರಿನ ಹೆಸರು ಹೊತ್ತ ಬದನೆಗಳೇ ಇವೆ. ಗೊಂಚಲಾಗಿ ಬಿಡುವ ಪುಟ್ಟ ಹಸಿರು ಬದನೆ ಬೇಕೆಂದರೆ ಅರ್ಕಾ ಕುಸುಮಾಕರ್. ಕೆಂಡದಲ್ಲಿ ಸುಡುವುದಕ್ಕಾದರೆ ಬೀಜ ಕಡಿಮೆಯಿರುವ ದಪ್ಪ ತಳಿ.

ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳ ಈ ಪಟ್ಟಿಗೆಲ್ಲ ಹೊರತು. ತಿಳಿಹಸಿರು ಮೈಯ, ತೊಟ್ಟಿನಲ್ಲಿ ಮುಳ್ಳಿರುವ ಈ ಗುಂಡು ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಎಂಬ ಐತಿಹ್ಯವಿದೆ. ಸಿಪ್ಪೆ ತೆಳು, ಬೇಯಿಸಿದರೆ ಬೆಣ್ಣೆ. ಬೆಂಗಳೂರಿನ ತಾರಸಿಯಲ್ಲಿ ಇದನ್ನು ಬೆಳೆಸಿದವರಿದ್ದಾರೆ, ಗಿಡ ಬರುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ಸಮುದ್ರದ ಬದಿಯ ಮಟ್ಟುವಿನ ಮರಳುಮಣ್ಣಿನಲ್ಲಿ ಬಂದ ರುಚಿಯನ್ನು ಕೊಕೊಪಿಟ್ಟಿನಿಂದ ನಿರೀಕ್ಷಿಸುವುದು ಹೆಚ್ಚಾಯಿತು.

ಕುಡಿ ಮತ್ತು ಕಾಯಿ ಕೊರೆಯುವ ಹುಳುವನ್ನು ಪೂರ್ತಿ ತಡೆಯುವ ತಳಿ ನಮ್ಮ ಕೈತೋಟಗಳಿಗೆ ಲಭ್ಯವಿಲ್ಲ. ಅದಕ್ಕೆಂದೇ ರೂಪಿಸಿದ ಕುಲಾಂತರಿ ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಮನೆಯ ಮಟ್ಟಿಗೆ ಬಾಡಿದ ಕುಡಿಯನ್ನು ಕಂಡ ದಿನವೇ ಚಿವುಟಿ ಸುಡುವುದು ಸಾಕಾಗುತ್ತದೆ. ಬದನೆ ಗಿಡವನ್ನು ಒಂದು ಸುತ್ತು ಕಾಯಿ ಮುಗಿದೊಡನೆ ಕಿತ್ತೆಸೆಯಬೇಡಿ. ಅರ್ಧಕ್ಕೆ ಸವರಿ ಬುಡಕ್ಕೆ ಎರೆಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ನಾಲ್ಕು ಜನರ ಮನೆಗೆ ನಾಲ್ಕು ಗಿಡ ಧಾರಾಳ.

ಗಿಡದ ಮೈಕಟ್ಟು

ಜಾಗ ಕಡಿಮೆಯಿದ್ದವರು ಪೊದೆ ತಳಿಯನ್ನೇ ಆರಿಸಬೇಕೆಂಬ ಮಾತು ಅರ್ಧ ಸತ್ಯ. ಹುರುಳಿಕಾಯಿಯನ್ನೇ ನೋಡಿ. ಅರ್ಕಾ ಕೋಮಲ್ ಗಿಡ್ಡ ಪೊದೆ, ಎಪ್ಪತ್ತು ದಿನದಲ್ಲಿ ಎಲ್ಲ ಮುಗಿಯುತ್ತದೆ, ಕಾಯಿಯೆಲ್ಲ ಎರಡು ಮೂರು ವಾರದಲ್ಲಿ ಒತ್ತೊತ್ತಾಗಿ ಬರುತ್ತದೆ. ನಾರಿಲ್ಲದ ಕಾಯಿ ಬೇಕೆಂದರೆ ಅರ್ಕಾ ಸುವಿಧಾ. ಕೋಲು ಹತ್ತುವ ಬಗೆ ಕೊಂಚ ತಡವಾಗಿ ಶುರುವಾದರೂ ಹೆಚ್ಚು ದಿನ ಕೊಡುತ್ತದೆ, ನೆಲದ ಜಾಗವನ್ನೂ ಕಡಿಮೆ ತಿನ್ನುತ್ತದೆ. ಅಂಗಳ ಚಿಕ್ಕದಿದ್ದು ಆಕಾಶ ದೊಡ್ಡದಿದ್ದರೆ ಹತ್ತುವುದೇ ಲಾಭ. ಪೊದೆಯೇ ಬೇಕೆಂದರೆ ಇರುವ ಬೀಜವನ್ನೆಲ್ಲ ಒಮ್ಮೆಗೇ ಬಿತ್ತದೆ, ಮೂರು ವಾರಕ್ಕೊಮ್ಮೆ ಒಂದು ಹಿಡಿ ಬಿತ್ತಿ. ಅಲಸಂದೆಯಲ್ಲೂ ಇದೇ ಲೆಕ್ಕ: ಬಳ್ಳಿಯಂತೆ ಏರುವ ಬಗೆಯೂ ಇದೆ, ಪೊದೆಯಾಗುವ ಅರ್ಕಾ ಸಮೃದ್ಧಿಯೂ ಇದೆ.

ಟೊಮೆಟೊದಲ್ಲಿ ಕೆಲವು ತಳಿ ಒಂದು ಎತ್ತರಕ್ಕೆ ನಿಲ್ಲುತ್ತವೆ, ಕೆಲವು ಬೆಳೆಯುತ್ತಲೇ ಹೋಗುತ್ತವೆ. ಸಾರಿಗೆ, ಗೊಜ್ಜಿಗೆ ಹುಳಿ ಬೇಕೆನ್ನುವವರು ಏಣುಏಣಾದ ನಾಟಿ ಟೊಮೆಟೊ ಹಾಕಲಿ. ಸಿಪ್ಪೆ ತೆಳು, ಮಳೆ ಬಂದರೆ ಬಿರಿಯುತ್ತದೆ, ಹಣ್ಣಾದ ದಿನವೇ ಬಳಸಬೇಕು, ಮನೆಯ ಹಿಂದೆಯೇ ಗಿಡ ಇರುವವರಿಗೆ ಅದೇನು ತೊಂದರೆಯಲ್ಲ. ಅರ್ಕಾ ವಿಕಾಸ್ ನಡುದಾರಿಯದು, ಹಸಿಯಾಗಿ ತಿನ್ನಲೂ ಆಗುತ್ತದೆ, ಬೀಜವನ್ನೂ ಎತ್ತಿಡಬಹುದು. ಒಂದು ಟೊಮೆಟೊ ಗಿಡಕ್ಕೆ ಹದಿನೈದು ಇಪ್ಪತ್ತು ಲೀಟರಿನ ಚೀಲ ಬೇಕು, ಬಣ್ಣದ ಡಬ್ಬಿಯಷ್ಟು ಜಾಗದಲ್ಲಿ ಎರಡು ಗಿಡ ತುರುಕಬೇಡಿ.

ಬಳ್ಳಿ ತರಕಾರಿಗಳಲ್ಲಿ ಹೀರೆಗೆ ಅರ್ಕಾ ಸುಮೀತ್, ಅರ್ಕಾ ಸುಜಾತ್. ಹಾಗಲಕ್ಕೆ ಅರ್ಕಾ ಹರಿತ್. ಸೋರೆಗೆ ಡೊಂಕು ಕತ್ತಿಲ್ಲದ ಅರ್ಕಾ ಬಹಾರ್. ತಳಿಗಿಂತ ಇಲ್ಲಿ ಕಾಡುವುದು ಬೇರೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಬಿಡುವ ಈ ಬಳ್ಳಿಗಳಿಗೆ ಜೇನೋ ಪತಂಗವೋ ಬರಲೇಬೇಕು. ಐದನೇ ಮಹಡಿಯ ತಾರಸಿಗೆ ಅವು ಬರುವುದು ಅಪರೂಪ. ಎಳೆಗಾಯಿ ಹಳದಿಯಾಗಿ ಉದುರುವುದಕ್ಕೆ ಬಹುಪಾಲು ಇದೇ ಕಾರಣ. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ. ಹೀರೆ ಮತ್ತು ಸೋರೆಯ ಹೂ ಅರಳುವುದು ಸಂಜೆ, ಹಾಗಲ ಮತ್ತು ಸೌತೆಯದು ಬೆಳಿಗ್ಗೆ. ಹೊತ್ತು ತಪ್ಪಿ ಮುಟ್ಟಿಸಿದರೆ ಫಲವಿಲ್ಲ. ಅಷ್ಟು ವ್ಯವಧಾನವಿಲ್ಲದವರು ಪಾಲಿಹೌಸಿಗೆಂದು ಮಾರುವ, ಪರಾಗವಿಲ್ಲದೆಯೇ ಕಾಯಿ ಕಟ್ಟುವ ಬೀಜರಹಿತ ಸೌತೆ ಹಾಕಬಹುದು. ನೆಲದ ತೋಟವಿದ್ದರೆ ಮಾತ್ರ ಮಂಗಳೂರು ಸೌತೆಯನ್ನು ಬಿಡಬೇಡಿ. ಬಲಿತ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸೋರೆ, ಸೌತೆ, ಹೀರೆ ಯಾವುದೇ ಆಗಲಿ, ತುದಿ ನೆಕ್ಕಿ ನೋಡಿ ಕಹಿಯಿದ್ದರೆ ಎಸೆಯಿರಿ. ಕಹಿ ಸೋರೆ ಪ್ರಾಣಕ್ಕೇ ಅಪಾಯ ತಂದದ್ದಿದೆ. ಅಂಥ ಬಳ್ಳಿಯ ಬೀಜವನ್ನೂ ಇಡಬೇಡಿ.

ತೊಂಡೆಯನ್ನು ಬೀಜದಿಂದ ಬೆಳೆಸಿದರೆ ಕಾಯಿ ಬಿಡದ ಗಂಡು ಬಳ್ಳಿ ಬಂದೀತು. ಚೆನ್ನಾಗಿ ಬಿಡುತ್ತಿರುವ ಬಳ್ಳಿಯ ಪೆನ್ಸಿಲ್ ದಪ್ಪದ ತುಂಡನ್ನೇ ಬೇಡಿ ತನ್ನಿ. ಮಾಡಹಾಗಲಕ್ಕೂ ಗಂಡು ಹೆಣ್ಣು ಬಳ್ಳಿ ಬೇರೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ ಅರ್ಕಾ ಭರತ್ ತಳಿಯ ಸಸಿ ಕೊಳ್ಳುವಾಗಲೂ ಇದನ್ನು ನೆನಪಿಡಿ, ಕಾಯಿ ಬೇಕಾದರೆ ಕೈಯಿಂದ ಪರಾಗ ಮುಟ್ಟಿಸಬೇಕು.

ಮೆಣಸಿನದು ಚಿಕ್ಕ ಮಾತು. ಅಡುಗೆಗೆ ದಿನಾ ನಾಲ್ಕು ಹಸಿಮೆಣಸು ಸಾಕೆಂದರೆ ಮೂರು ಗಿಡ ಸಾಕು. ಕರಾವಳಿ, ಮಲೆನಾಡಿನ ಸೂಜಿಮೆಣಸಿನ ಒಂದೇ ಗಿಡ ಅರೆನೆರಳಿನಲ್ಲೂ ವರ್ಷಗಟ್ಟಲೆ ಬಿಡುತ್ತದೆ. ಬ್ಯಾಡಗಿಯನ್ನು ಕುಂಡದಲ್ಲಿ ಹಾಕುವ ಹುಮ್ಮಸ್ಸು ಮಾತ್ರ ಬೇಡ. ಅದರ ಬೆಲೆಯಿರುವುದು ಒಣಗಿದ ಮೇಲಿನ ಬಣ್ಣಕ್ಕೆ, ವರ್ಷದ ಖಾರದಪುಡಿಗೆ ಬೇಕಾಗುವುದು ಕಿಲೊಗಟ್ಟಲೆ. ಅದು ಹಾವೇರಿ, ಧಾರವಾಡ, ಗದಗದ ಕಪ್ಪುಮಣ್ಣಿನ ಬೆಳೆ, ಅಲ್ಲಿಂದಲೇ ಕೊಳ್ಳಿ.

ಬಿಸಿಲು ಕಡಿಮೆಯಿದ್ದರೆ

ಕಾಯಿ ತರಕಾರಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು. ಮೂರು ನಾಲ್ಕು ಗಂಟೆ ಮಾತ್ರ ಬಿಸಿಲು ಬೀಳುವ ಬಾಲ್ಕನಿಯವರು ಕಾಯಿಯ ಆಸೆ ಬಿಟ್ಟು ಸೊಪ್ಪಿಗೆ ಹೋಗಬೇಕು. ದಂಟಿನಲ್ಲಿ ಬೇರುಸಮೇತ ಕೀಳುವ ತಳಿಗಿಂತ ಕತ್ತರಿಸಿದಷ್ಟೂ ಚಿಗುರುವ ಅರ್ಕಾ ಸುಗುಣ ಮನೆಗೆ ಹೊಂದುತ್ತದೆ, ಕೆಂಪು ಹರಿವೆ ಬೇಕೆಂದರೆ ಅರ್ಕಾ ಅರುಣಿಮಾ. ಪಾಲಕ್ಕಿನಲ್ಲಿ ಅರ್ಕಾ ಅನುಪಮ. ಮೆಂತ್ಯಕ್ಕೆ ಅಂಗಡಿಯ ಪೊಟ್ಟಣವೇ ಬೇಡ, ಸಾಂಬಾರ ಡಬ್ಬಿಯ ಕಾಳೇ ಮೊಳೆಯುತ್ತದೆ.

ಒಮ್ಮೆ ನೆಟ್ಟರೆ ಮರೆತುಬಿಡಬಹುದಾದ ಬಸಳೆ, ಚಕ್ರಮುನಿ, ಹೊನಗೊನೆ ಮೂರೂ ನನ್ನ ಮೆಚ್ಚಿನವು. ರೋಗ, ಕೀಟ ಕಡಿಮೆ, ತುಂಡು ಕೊಟ್ಟವರ ಹೆಸರೇ ತಳಿಯ ಹೆಸರು. ಹಿತ್ತಲಿದ್ದರೆ ಕರಿಬೇವಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸುವಾಸಿನಿ. ನುಗ್ಗೆಗೆ ಪಿಕೆಎಂ-1 ಅಥವಾ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ. ಬೀಜದಿಂದಲೇ ಬೆಳೆಸುವ ಇವು ಬೇಗ ಕಾಯಿಗೆ ಬರುತ್ತವೆ. ಆಳೆತ್ತರ ದಾಟದಂತೆ ತುದಿ ಚಿವುಟುತ್ತಿದ್ದರೆ ಕೊಕ್ಕೆಯಿಲ್ಲದೆ ಕೀಳಬಹುದು.

ಪೊಟ್ಟಣದ ಹಿಂಬದಿ

ಮುಂಬದಿಯ ಚಿತ್ರ ಬಿಟ್ಟು ಹಿಂಬದಿ ಓದಿ. ತಳಿಯ ಹೆಸರು, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ಬಳಸಬೇಕಾದ ಕೊನೆಯ ದಿನಾಂಕ ಇರಲೇಬೇಕು. ಪ್ರಮಾಣೀಕೃತ ಬೀಜಕ್ಕೆ ನೀಲಿ ಚೀಟಿ, ಕಂಪನಿಯೇ ಗುಣಮಟ್ಟಕ್ಕೆ ಹೊಣೆ ಹೊತ್ತು ಮಾರುವ ಬೀಜಕ್ಕೆ ಹಸಿರು ಚೀಟಿ. ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು ಅದರ ಆಯುಷ್ಯ. ಮೊಳಕೆಯ ಕನಿಷ್ಠ ಮಟ್ಟ ಟೊಮೆಟೊ, ಬದನೆ, ಈರುಳ್ಳಿಗೆ ಶೇ 70, ಬೆಂಡೆಗೆ ಶೇ 65, ಮೆಣಸಿಗೆ ಶೇ 60. ಅಂದರೆ ನೂರು ಮೆಣಸಿನ ಬೀಜದಲ್ಲಿ ನಲವತ್ತು ಹುಟ್ಟದಿದ್ದರೂ ಕಂಪನಿ ಮೋಸ ಮಾಡಿದೆ ಎನ್ನಲಾಗದು. ಗುಲಾಬಿ ಅಥವಾ ನೀಲಿ ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತದೆ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಉಳಿದ ಬೀಜವನ್ನು ಗಾಳಿಯಾಡದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಬದನೆ, ಟೊಮೆಟೊ ಬೀಜ ಮೂರು ವರ್ಷದ ಮೇಲೂ ಮೊಳೆಯಬಹುದು, ಈರುಳ್ಳಿ ಬೀಜ ಒಂದು ವರ್ಷಕ್ಕೆ ಮುಗಿಯಿತು. ಸ್ವಂತ ಬೀಜ ಎತ್ತುವ ಆಸೆಯಿದ್ದರೆ ಟೊಮೆಟೊ, ಅವರೆ, ಹುರುಳಿಕಾಯಿ, ಅಲಸಂದೆಯಿಂದ ಶುರುಮಾಡಿ, ಇವು ತಮ್ಮ ಹೂವಿನೊಳಗೇ ಪರಾಗ ಮುಗಿಸಿಕೊಳ್ಳುವುದರಿಂದ ತಳಿ ಕೆಡುವುದು ಅಪರೂಪ. ಬದನೆ, ಬೆಂಡೆ, ಮೆಣಸು ಒಂದಿಷ್ಟು ಕಲಬೆರಕೆಯಾಗುತ್ತವೆ. ಸೋರೆ, ಕುಂಬಳ, ಮೂಲಂಗಿ ಬೀಜವನ್ನು ಎರಡು ತಳಿ ಪಕ್ಕಪಕ್ಕ ಇದ್ದಾಗ ಎತ್ತಬೇಡಿ.

ಅರ್ಕಾ ತಳಿಗಳ ಬೀಜವನ್ನು ಹೆಸರಘಟ್ಟದ ಸಂಸ್ಥೆಯೇ ಕೌಂಟರಿನಲ್ಲೂ ಆನ್‌ಲೈನಿನಲ್ಲೂ ಮಾರುತ್ತದೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಮತ್ತು ಧಾರವಾಡದ ಕೃಷಿಮೇಳಗಳಲ್ಲೂ ವಿಚಾರಿಸಿ. ನಾಟಿ ಬೀಜಕ್ಕೆ ಸಹಜ ಸಮೃದ್ಧದಂಥ ಸಂಘಟನೆಗಳ ಬೀಜಮೇಳ, ಇಲ್ಲವೇ ಊರಿನ ಸಂತೆಯ ಅಜ್ಜಿಯರು. ಒಂದು ಪೊಟ್ಟಣದ ಬೀಜ ಒಂದು ಮನೆಗೆ ಹೆಚ್ಚು, ನಾಲ್ಕು ಮನೆಯವರು ನಾಲ್ಕು ತಳಿ ಕೊಂಡು ಹಂಚಿಕೊಂಡರೆ ಖರ್ಚೂ ಕಾಲು ಭಾಗ.

ಬೀಜದಂಗಡಿಗೆ ಹೋದಾಗ ‘ಬೆಂಡೆ ಬೀಜ ಕೊಡಿ’ ಎನ್ನಬೇಡಿ. ಯಾವ ಬೆಂಡೆ, ನಮ್ಮೂರಿಗೆ ಯಾವ ತಿಂಗಳಿನದು, ಪರೀಕ್ಷೆ ಮಾಡಿದ್ದು ಯಾವತ್ತು ಎಂದು ಕೇಳಿ. ಈ ಮೂರಕ್ಕೂ ಉತ್ತರ ಸಿಗದ ಅಂಗಡಿಯಲ್ಲಿ ಬೀಜ ಕೊಳ್ಳಬೇಡಿ.